ಎಷ್ಟು ಮೈಕು ಒಟ್ಟಿಗೆ: ಹವ್ಯಾಸಿ ಹಾಡುತಂಡಕ್ಕೆ ರೆಕಾರ್ಡಿಂಗ್ ಸಾಫ್ಟ್‌ವೇರ್

ಹಾಡುವವರ ದನಿ, ಹಾರ್ಮೋನಿಯಂ, ಡೋಲಕ್, ಗಿಟಾರ್ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬೇರೆಬೇರೆ ಸಾಲುಗಳಾಗಿ ಹಿಡಿದಿಟ್ಟು, ಬೇಡದ್ದನ್ನು ಕತ್ತರಿಸಿ, ಏರಿಳಿತ ಸರಿಮಾಡಿ, ಕೊನೆಗೆ ಒಂದೇ ಹಾಡಾಗಿ ಹೊರತೆಗೆಯುವ ತಂತ್ರಾಂಶವೇ ರೆಕಾರ್ಡಿಂಗ್ ಸಾಫ್ಟ್‌ವೇರ್. ಸ್ಟುಡಿಯೊದವರು ಇದನ್ನು ‘ಡಾ’ ಎನ್ನುತ್ತಾರೆ. ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂಬುದರ ಮೊಟಕು ಅದು. ಒಂದೊಂದು ಸಾಲಿಗೆ ಟ್ರ್ಯಾಕ್ ಎಂದು ಹೆಸರು. 1991ರಲ್ಲಿ ಪ್ರೊ ಟೂಲ್ಸ್ ಎಂಬ ಡಾ ಮಾರುಕಟ್ಟೆಗೆ ಬಂದಾಗ ಅದು ಕೊಡುತ್ತಿದ್ದದ್ದು ನಾಲ್ಕೇ ಟ್ರ್ಯಾಕ್, ಅದಕ್ಕೂ ಮ್ಯಾಕ್ ಕಂಪ್ಯೂಟರು ಮತ್ತು ದುಬಾರಿ ಕಾರ್ಡು ಬೇಕಿತ್ತು. ಇವತ್ತು ಐದಾರು ವರ್ಷ ಹಳೆಯ ಲ್ಯಾಪ್‌ಟಾಪು ಹತ್ತಿಪ್ಪತ್ತು ಟ್ರ್ಯಾಕನ್ನು ಸಲೀಸಾಗಿ ಎಳೆಯುತ್ತದೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ತಂಡ ಎಂದರೆ ಒಂದೇ ಬಗೆಯದ್ದಲ್ಲ. ಗಣೇಶನ ಹಬ್ಬಕ್ಕೆ, ಜಾತ್ರೆಗೆ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಇದೆ. ಶ್ರಾವಣದಲ್ಲಿ ಗುಡಿಯಲ್ಲಿ ಕೂಡುವ ಭಜನಾ ಮಂಡಳಿ, ಗಿಟಾರ್ ಹಿಡಿದ ಕಾಲೇಜು ಹುಡುಗರು, ಚರ್ಚಿನ ಹಾಡು ಬಳಗ, ತಾಂಡಾದ ಹೆಣ್ಣುಮಕ್ಕಳು ಎಲ್ಲರೂ ಇದ್ದಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅತ್ತ, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲೇ ಇತ್ತ ಉಳಿದರೂ, ಮೈಕ್ ಸೆಟ್ಟಿನ ಗಾಡಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಇವರೆಲ್ಲ ಮೊದಲು ಕೇಳುವ ಪ್ರಶ್ನೆ ‘ಯಾವ ಸಾಫ್ಟ್‌ವೇರ್ ಒಳ್ಳೇದು?’ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ಒಂದೇ ಹೊತ್ತಿಗೆ ಎಷ್ಟು ಮೈಕಿನ ದನಿ ಬೇರೆಬೇರೆಯಾಗಿ ಒಳಗೆ ಬರಬೇಕು? ಇದಕ್ಕೆ ಉತ್ತರ ಸಿಕ್ಕರೆ ಸಾಫ್ಟ್‌ವೇರ್ ತಾನಾಗಿಯೇ ಆಯ್ಕೆಯಾಗುತ್ತದೆ.

ಕೂಡಿ ನುಡಿಸುವವರು, ಸರದಿಯಲ್ಲಿ ನುಡಿಸುವವರು

ಸಿನಿಮಾ ಹಾಡಿನ ಸ್ಟುಡಿಯೊಗಳಲ್ಲಿ ಇಂದು ಎಲ್ಲರೂ ಒಟ್ಟಿಗೆ ಕೂರುವುದು ಅಪರೂಪ. ಮೊದಲು ತಾಳದ ಟ್ರ್ಯಾಕು, ಅದರ ಮೇಲೆ ಕೀಬೋರ್ಡು, ಕೊನೆಗೆ ಹಾಡುಗಾರರು, ಹೀಗೆ ಸರದಿಯಲ್ಲಿ ಕೆಲಸ ಸಾಗುತ್ತದೆ. ಈ ಪದ್ಧತಿಗೆ ಒಂದು ಅಥವಾ ಎರಡು ಮೈಕಿನ ಸೌಲಭ್ಯ ಸಾಕು. ಯಾವ ಸಾಫ್ಟ್‌ವೇರಾದರೂ ನಡೆಯುತ್ತದೆ.

ಭಜನೆಯವರ ದಾರಿ ಬೇರೆ. ಮುಂದೆ ಹಾಡುವವರ ಕಣ್ಣು ಡೋಲಕ್ಕಿನವನ ಕೈ ಮೇಲೆ, ಅವನ ಕಣ್ಣು ತಾಳ ಹಿಡಿದವರ ಮೇಲೆ. ಪದ ಮುಂದುವರಿದಂತೆ ನಡೆ ಏರುತ್ತದೆ, ಕೊನೆಗೆ ದೌಡಾಯಿಸುತ್ತದೆ. ಇವರನ್ನು ಒಬ್ಬೊಬ್ಬರನ್ನಾಗಿ ಹೆಡ್‌ಫೋನ್ ಹಾಕಿ ಕೂರಿಸಿದರೆ ಹಾಡಿನ ಜೀವವೇ ಹೋಗುತ್ತದೆ. ಇಂಥ ತಂಡಕ್ಕೆ ನಾಲ್ಕರಿಂದ ಎಂಟು ಮೈಕು ಒಟ್ಟಿಗೆ, ಬೇರೆಬೇರೆ ಟ್ರ್ಯಾಕಿಗೆ ಇಳಿಯಬೇಕು.

ಮೂರನೆಯ ಬಗೆ ದೀರ್ಘ ಕಥನದ್ದು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ (1930–2014) ಕಂಪ್ಲಿ ಸೀಮೆಯ ವೀರ ಕುಮಾರರಾಮನ ಕಥೆಯೂ ಸೇರಿ ಹಲವು ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು. ಅಂಥ ಕಥನ ಗಂಟೆಗಟ್ಟಲೆ ಸಾಗುತ್ತದೆ, ನಡುವೆ ತಡೆದು ‘ಇನ್ನೊಮ್ಮೆ ಹೇಳಿ’ ಎನ್ನುವಂತಿಲ್ಲ. ಇಲ್ಲಿ ಬೇಕಾದದ್ದು ಹತ್ತಾರು ಎಫೆಕ್ಟುಗಳಲ್ಲ. ತಾಸೆರಡು ತಾಸು ನಿಲ್ಲದೆ ರೆಕಾರ್ಡ್ ಮಾಡಿದರೂ ಕುಸಿಯದ ಸಾಫ್ಟ್‌ವೇರ್. ಜಾಹೀರಾತುಗಳು ಸದ್ದು ಮಾಡುವುದು ಎಫೆಕ್ಟುಗಳ ಬಗ್ಗೆ ಮಾತ್ರ.

ದನಿ ಒಳಗೆ ಬರುವ ದಾರಿ

ಮೈಕಿನ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸ್. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2 ಎಂಬುದಕ್ಕೆ ಎರಡು ದಾರಿ, ಬೆಹ್ರಿಂಗರ್ ಯುಎಂಸಿ404ಎಚ್‌ಡಿಗೆ ನಾಲ್ಕು ಮೈಕು, ಯುಎಂಸಿ1820ಕ್ಕೆ ಎಂಟು ಮೈಕು. ಕಂಡೆನ್ಸರ್ ಮೈಕಿದ್ದರೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಅದು ಇವುಗಳಲ್ಲಿ ಇದ್ದೇ ಇರುತ್ತದೆ. ವೇದಿಕೆಯ ಮಾಮೂಲಿ ಡೈನಮಿಕ್ ಮೈಕಿಗೆ ಅದರ ಅಗತ್ಯವಿಲ್ಲ.

ಇಲ್ಲಿ ತಂಡಗಳು ಎಡವುವ ಜಾಗ ಒಂದಿದೆ. ಮೈಕ್ ಸೆಟ್ಟಿನವರ ಹತ್ತಿರ ಇರುವ ಎಂಟು ಚಾನೆಲ್ಲಿನ ಮಿಕ್ಸರಿನ ಹಿಂದೆ ಯುಎಸ್‌ಬಿ ಕಿಂಡಿ ಕಂಡರೆ ಎಂಟೂ ದನಿ ಬೇರೆಬೇರೆಯಾಗಿ ಬರುತ್ತವೆ ಎಂದು ನಂಬುವುದು ಸಹಜ. ಕಡಿಮೆ ಬೆಲೆಯ ಬಹುತೇಕ ಮಿಕ್ಸರುಗಳಲ್ಲಿ ಆ ಕಿಂಡಿಯಿಂದ ಬರುವುದು ಎಲ್ಲ ಕಲಸಿದ ಎಡ-ಬಲ ಎರಡೇ ಸಾಲು. ಒಮ್ಮೆ ಕಲಸಿದ ಮೇಲೆ ಹಾರ್ಮೋನಿಯಂ ಜಾಸ್ತಿಯಾಯಿತು ಎಂದು ಅದೊಂದನ್ನೇ ಇಳಿಸಲು ಬಾರದು. ಬೆಹ್ರಿಂಗರ್ ಎಕ್ಸ್‌ಆರ್18, ಎಕ್ಸ್32ರಂಥ ಡಿಜಿಟಲ್ ಮಿಕ್ಸರುಗಳು ಕ್ರಮವಾಗಿ 18 ಮತ್ತು 32 ಸಾಲನ್ನು ಬೇರೆಬೇರೆಯಾಗಿ ಕಳಿಸುತ್ತವೆ. ಕಾರ್ಯಕ್ರಮಕ್ಕೆ ಅಂಥದ್ದು ಬಾಡಿಗೆಗೆ ಬಂದ ದಿನವೇ ಲ್ಯಾಪ್‌ಟಾಪು ಜೋಡಿಸಿ ರೆಕಾರ್ಡ್ ಮಾಡಿಕೊಳ್ಳುವುದು ಜಾಣತನ. ಇಂಟರ್‌ಫೇಸ್ ಕೊಳ್ಳುವ ಖರ್ಚೂ ಉಳಿಯುತ್ತದೆ.

ವಿಂಡೋಸ್ ಬಳಸುವವರಿಗೆ ಇನ್ನೊಂದು ವಿಷಯ. ಇಂಟರ್‌ಫೇಸ್ ಮತ್ತು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ಚಾಲಕ ತಂತ್ರಾಂಶಗಳಲ್ಲಿ ಸಂಗೀತಕ್ಕೆಂದೇ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ್ದು ಆಸಿಯೊ. ಎಂಟು ದಾರಿಯ ಪೆಟ್ಟಿಗೆ ತಂದರೂ ಸಾಫ್ಟ್‌ವೇರಿಗೆ ಆಸಿಯೊ ಬಾರದಿದ್ದರೆ ಅನೇಕ ಸಲ ಎರಡೇ ದಾರಿ ಕಾಣಿಸುತ್ತವೆ. ಮ್ಯಾಕ್‌ನಲ್ಲಿ ಕೋರ್ ಆಡಿಯೊ ಎಂಬ ವ್ಯವಸ್ಥೆ ಮೊದಲೇ ಇರುವುದರಿಂದ ಈ ತಲೆನೋವಿಲ್ಲ.

ಯಾವುದು ಯಾರಿಗೆ

ಆಡಾಸಿಟಿ ಎಲ್ಲರಿಗೂ ಪರಿಚಿತ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಶುರುಮಾಡಿ 2000ದಲ್ಲಿ ಜನರಿಗೆ ಬಿಟ್ಟದ್ದು. ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಮನೆಯಲ್ಲಿ ಹಾಡಿ ಹಾಡಿ ತಮ್ಮ ದನಿ ತಾವೇ ಕೇಳಿಕೊಳ್ಳುವವರಿಗೆ, ಹಳೆಯ ಕ್ಯಾಸೆಟ್ಟಿನ ಭಜನೆಯನ್ನು ಕಂಪ್ಯೂಟರಿಗೆ ಇಳಿಸುವವರಿಗೆ, ಎರಡೇ ಮೈಕಿನ ತಂಡಕ್ಕೆ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಆದರೆ ವಿಂಡೋಸ್‌ಗೆ ಇದರ ಅಧಿಕೃತ ಆವೃತ್ತಿಗಳು ಲೈಸೆನ್ಸಿನ ತೊಡಕಿನಿಂದಾಗಿ ಬಹುಕಾಲ ಆಸಿಯೊ ಇಲ್ಲದೆಯೇ ಬಂದವು. ಎಂಟು ಮೈಕಿನ ಆಸೆ ಇಟ್ಟುಕೊಂಡವರು ಇದರ ಮೇಲೆ ಭಾರ ಹಾಕಬಾರದು. 2021ರಲ್ಲಿ ಬಂದ 3.0 ಆವೃತ್ತಿಯಿಂದ ಇಡೀ ಕೆಲಸ ಒಂದೇ ಫೈಲಿನಲ್ಲಿ ಕೂರುತ್ತದೆ. ಅದಕ್ಕೆ ಮುಂಚೆ ಪುಟ್ಟ ಫೈಲೊಂದು, ದನಿಯೆಲ್ಲ ತುಂಬಿದ ಫೋಲ್ಡರೊಂದು ಇರುತ್ತಿದ್ದವು. ಫೈಲು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದವರಿಗೆ ಬರೀ ಮೌನ ಸಿಗುತ್ತಿತ್ತು.

ರೀಪರ್ ನನ್ನ ಮೊದಲ ಶಿಫಾರಸು, ಅದನ್ನು ಮುಚ್ಚಿಡುವುದಿಲ್ಲ. ವಿನ್‌ಆಂಪ್ ಪ್ಲೇಯರನ್ನು ಕೊಟ್ಟ ಜಸ್ಟಿನ್ ಫ್ರ್ಯಾಂಕಲ್ ಅವರ ಕೊಕೋಸ್ ಕಂಪನಿಯದ್ದು ಇದು. ಇಳಿಸಿಕೊಳ್ಳುವ ಫೈಲು ಅತಿ ಚಿಕ್ಕದು, ಮೊಬೈಲ್ ಡೇಟಾದಲ್ಲೇ ಮುಗಿಯುತ್ತದೆ. ಹಳೆಯ ವಿಂಡೋಸ್ ಯಂತ್ರದಲ್ಲೂ ಓಡುತ್ತದೆ, ಮ್ಯಾಕ್ ಮತ್ತು ಲಿನಕ್ಸ್‌ಗೂ ಸಿಗುತ್ತದೆ. ಆಸಿಯೊ ಬಲ್ಲದು, ಇಂಟರ್‌ಫೇಸಿಗೆ ಎಷ್ಟು ದಾರಿಯಿದೆಯೋ ಅಷ್ಟನ್ನೂ ಒಟ್ಟಿಗೆ ತುಂಬಿಕೊಳ್ಳುತ್ತದೆ. 60 ದಿನ ಯಾವ ಕಡಿತವೂ ಇಲ್ಲದೆ ಪರೀಕ್ಷಿಸಬಹುದು. ಆಮೇಲೆ ಹವ್ಯಾಸಿಗಳಿಗೆ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ತಂಡದ ಐವರು ಹಂಚಿಕೊಂಡರೆ ಒಬ್ಬರಿಗೆ ಒಂದು ಸಾವಿರದ ಮಾತು. ಕಷ್ಟ ಏನೆಂದರೆ ಮೊದಲ ನೋಟಕ್ಕೆ ಇದು ಮುಖ ಕೊಡುವುದಿಲ್ಲ. ಮೆನು ಮೇಲೆ ಮೆನು ತೆರೆದುಕೊಳ್ಳುತ್ತದೆ, ತಯಾರಾದ ತಾಳ-ವಾದ್ಯಗಳ ಭಂಡಾರವೂ ಜೊತೆಗೆ ಬರುವುದಿಲ್ಲ. ಕೂಡಿ ನುಡಿಸುವವರಿಗೆ ಆ ಭಂಡಾರ ಬೇಕಾಗಿಯೂ ಇಲ್ಲ.

ಮ್ಯಾಕ್ ಅಥವಾ ಐಫೋನ್ ಇದ್ದವರು ಬೇರೆಡೆ ನೋಡುವ ಮೊದಲು ಗ್ಯಾರೇಜ್‌ಬ್ಯಾಂಡ್ ತೆರೆಯಲಿ. ಆಪಲ್ 2004ರಲ್ಲಿ ಬಿಡುಗಡೆ ಮಾಡಿದ್ದು, ಈಗ ಆ ಸಾಧನಗಳಿಗೆ ಉಚಿತ. ಕಾಲೇಜು ಬ್ಯಾಂಡಿಗೆ ಅದರೊಳಗಿನ ಡ್ರಮ್ಸ್, ಗಿಟಾರ್ ಆಂಪ್‌ಗಳೇ ಸಾಕಷ್ಟಾಗುತ್ತವೆ. ಆಂಡ್ರಾಯ್ಡ್ ಫೋನಿನವರಿಗೆ ಬ್ಯಾಂಡ್‌ಲ್ಯಾಬ್. ಸಿಂಗಪುರದ ಈ ಆ್ಯಪ್‌ನಲ್ಲಿ ಕಂಪ್ಲಿಯಲ್ಲಿರುವವನು ಹಾಡಿನ ಸಾಲು ಹಾಕಿದರೆ ಬೆಂಗಳೂರಿಗೆ ಓದಲು ಹೋದ ಗೆಳೆಯ ಅದರ ಮೇಲೇ ಗಿಟಾರ್ ಸೇರಿಸಬಹುದು. ಹೊಸ ರಾಗ ಹೊಳೆದಾಗ ಹಿಡಿದಿಡಲು ಸೊಗಸು. ಟ್ರ್ಯಾಕಿನ ಸಂಖ್ಯೆಗೂ ಹಾಡಿನ ಉದ್ದಕ್ಕೂ ಮಿತಿಯಿರುವುದರಿಂದ ರಾತ್ರಿಯ ಭಜನೆಗೆ ಸಲ್ಲದು.

ಲಿನಕ್ಸ್ ಪ್ರಿಯರಿಗೆ ಆರ್ಡರ್ ಇದೆ, ಮುಕ್ತ ತಂತ್ರಾಂಶದಲ್ಲಿ ಬಹುಮೈಕಿನ ಕೆಲಸಕ್ಕೆ ಗಟ್ಟಿ ಆಳು. ಪ್ರೊ ಟೂಲ್ಸ್‌ನ ಉಚಿತ ಇಂಟ್ರೊ ಆವೃತ್ತಿ ದನಿಗೆ 8 ಟ್ರ್ಯಾಕ್ ಮಾತ್ರ ಕೊಡುತ್ತದೆ. ಇಂಟರ್‌ಫೇಸಿನ ಡಬ್ಬಿಯಲ್ಲಿ ಏಬಲ್ಟನ್ ಲೈವ್ ಲೈಟ್ ಅಥವಾ ಕ್ಯೂಬೇಸ್‌ನ ಪುಟ್ಟ ಆವೃತ್ತಿಯ ಕೋಡ್ ಸಿಕ್ಕರೆ ಬಿಸಾಡಬೇಡಿ. ಆದರೆ ಅದರ ಟ್ರ್ಯಾಕ್ ಮಿತಿ ನೋಡಿಕೊಂಡೇ ಕಾರ್ಯಕ್ರಮಕ್ಕೆ ಒಯ್ಯಿರಿ.

ಡಿಜೆ ಹುಡುಗರ ಮಾತು ಕೇಳಿ ಎಫ್‌ಎಲ್ ಸ್ಟುಡಿಯೊ ಕೊಳ್ಳಲು ಹೊರಟವರಿಗೆ ಒಂದು ಎಚ್ಚರಿಕೆ. ಬೀಟ್ ಕಟ್ಟಲು ಅದು ಚೆನ್ನ. ಅದರ ಅತಿ ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ಮೈಕಿನ ದನಿ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ಅದಕ್ಕೆ ಮೇಲಿನ ಪ್ರೊಡ್ಯೂಸರ್ ಆವೃತ್ತಿ ಬೇಕು. ಉಚಿತವಾದ ಎಲ್‌ಎಂಎಂಎಸ್ ಕೂಡ ಬೀಟ್ ಕಟ್ಟುವವರದ್ದು, ಅದನ್ನು ನಂಬಿ ಮೈಕು ಜೋಡಿಸಬಾರದು.

ಕ್ಲಿಕ್ಕು, ವಿಳಂಬ, ಸ್ವರ

ಬಹುತೇಕ ಸಾಫ್ಟ್‌ವೇರುಗಳು ತೆರೆದ ಕೂಡಲೇ ನಿಮಿಷಕ್ಕೆ 120 ಬಡಿತದ ಕ್ಲಿಕ್ಕನ್ನು, ನಾಲ್ಕು-ನಾಲ್ಕರ ಲೆಕ್ಕವನ್ನು ಮುಂದಿಟ್ಟುಕೊಂಡು ಕೂರುತ್ತವೆ. ರಿದಮ್ ಪ್ಯಾಡ್ ಬಳಸುವ ಆರ್ಕೆಸ್ಟ್ರಾಕ್ಕೆ, ಸರದಿಯಲ್ಲಿ ನುಡಿಸುವ ಬ್ಯಾಂಡಿಗೆ ಅದು ಬೇಕು. ನಡೆ ಏರಿಸುತ್ತ ಹೋಗುವ ಭಜನೆಗೆ, ತತ್ವಪದಕ್ಕೆ, ಲಂಬಾಣಿ ಹಾಡಿಗೆ ಬೇಡ. ಕ್ಲಿಕ್ ಆರಿಸಿ, ಮೇಲಿನ ಅಳತೆಪಟ್ಟಿಯನ್ನು ನಿಮಿಷ-ಸೆಕೆಂಡಿಗೆ ಬದಲಿಸಿದರೆ ಸಾಫ್ಟ್‌ವೇರು ಸುಮ್ಮನೆ ಟೇಪ್ ರೆಕಾರ್ಡರಿನಂತೆ ನಡೆಯುತ್ತದೆ.

ಹೆಡ್‌ಫೋನಿನಲ್ಲಿ ತನ್ನ ದನಿ ತಡವಾಗಿ ಕೇಳುತ್ತದೆ ಎಂಬ ದೂರು ಎಲ್ಲ ಹೊಸಬರದ್ದು. ಕಂಪ್ಯೂಟರು ದನಿಯನ್ನು ಕಂತುಕಂತಾಗಿ ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. 48 ಕಿಲೊಹರ್ಟ್ಸ್‌ನಲ್ಲಿ ಕಂತು 256 ಸ್ಯಾಂಪಲ್ ಇದ್ದರೆ 5.3 ಮಿಲಿಸೆಕೆಂಡ್, 1024 ಇದ್ದರೆ 21.3 ಮಿಲಿಸೆಕೆಂಡ್. ಹೊರಗೆ ಬರುವಾಗ ಮತ್ತೆ ಅಷ್ಟೇ ಸೇರುತ್ತದೆ. ರೆಕಾರ್ಡ್ ಮಾಡುವಾಗ ಕಂತು ಚಿಕ್ಕದಿರಲಿ, ಮಿಕ್ಸಿಂಗ್ ಮಾಡುವಾಗ ದೊಡ್ಡದಿರಲಿ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ದನಿ ಕಂಪ್ಯೂಟರಿಗೆ ಹೋಗದೆಯೇ ಕಿವಿಗೆ ಬರುತ್ತದೆ. ಬ್ಲೂಟೂತ್ ಹೆಡ್‌ಫೋನು ಮಾತ್ರ ಯಾವ ಸೆಟ್ಟಿಂಗಿಗೂ ಬಗ್ಗುವುದಿಲ್ಲ, ತಂತಿಯದ್ದೇ ಆಗಬೇಕು.

ಸ್ವರ ಸರಿಮಾಡುವ ಯಂತ್ರದ ಬಗ್ಗೆ ಒಂದು ಮಾತು. ರೀಪರಿನಲ್ಲಿ ರೀಟ್ಯೂನ್ ಇದೆ, ಬೇರೆಯವುಗಳಲ್ಲಿ ಬೇರೆ ಹೆಸರು. ಇವು ದನಿಯನ್ನು ಹನ್ನೆರಡು ಮನೆಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಮ್ಮ ಹಾಡಿನಲ್ಲಿ ಆ ಜಾರು ಮೆಟ್ಟಿಲಾಗಿಬಿಡುತ್ತದೆ. ತಪ್ಪಿದ ಸಾಲನ್ನು ಇನ್ನೊಮ್ಮೆ ಹಾಡಿಸುವುದೇ ಮೇಲು.

ಕರೆಂಟು, ಬಿಸಿಲು, ಜಾಗ

24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕು ನಿಮಿಷಕ್ಕೆ 8.64 ಎಂಬಿ ತಿನ್ನುತ್ತದೆ. ಎಂಟು ಟ್ರ್ಯಾಕು ಒಂದು ತಾಸು ಓಡಿದರೆ ಸುಮಾರು 4.15 ಜಿಬಿ. 16 ಬಿಟ್‌ನಲ್ಲಿ ಜಾಗ ಉಳಿಯುತ್ತದೆ ನಿಜ. ಆದರೆ 24 ಬಿಟ್‌ನಲ್ಲಿ ಮೆಲುದನಿಗೂ ಗದ್ದಲಕ್ಕೂ ನಡುವಿನ ಅವಕಾಶ ಎಷ್ಟೋ ಹೆಚ್ಚು. ಲೆವೆಲ್ಲನ್ನು ಮೈನಸ್ 12 ಡೆಸಿಬೆಲ್ ಹತ್ತಿರ ತಗ್ಗಿಸಿಟ್ಟುಕೊಂಡು ಡೋಲಕ್ಕಿನ ದಿಢೀರ್ ಪೆಟ್ಟಿಗೂ ದನಿ ಒಡೆಯದಂತೆ ನೋಡಿಕೊಳ್ಳಬಹುದು. ಮಾಮೂಲಿ ವೇವ್ ಫೈಲಿಗೆ 4 ಜಿಬಿಯ ಮಿತಿಯಿದೆ. ಎಂಟೂ ಸಾಲನ್ನು ಒಂದೇ ಫೈಲಿಗೆ ತುಂಬಿದರೆ ಅದು ತಾಸಿಗೆಲ್ಲ ಭರ್ತಿ. ಪ್ರತಿ ಟ್ರ್ಯಾಕಿಗೂ ಪ್ರತ್ಯೇಕ ಫೈಲು ಬರೆಯುವ ಸೆಟ್ಟಿಂಗ್ ಇಟ್ಟುಕೊಂಡರೆ ದೀರ್ಘ ಕಥನಕ್ಕೂ ಹೆದರಬೇಕಿಲ್ಲ. ಫ್ಯಾಟ್32 ಮಾದರಿಯ ಹಳೆಯ ಪೆನ್‌ಡ್ರೈವಿಗೂ ಇದೇ 4 ಜಿಬಿ ಗೋಡೆ.

ಕರೆಂಟು ಹೋಗುವ ಊರಿನಲ್ಲಿ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪು ವಾಸಿ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಕೇಳಿದರೆ ಮೊದಲು ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಅಗ್ಗದ ಇನ್ವರ್ಟರ್ ಮೇಲೆ ಮೈಕು ಓಡಿಸಿದರೆ ಅದರದ್ದೇ ಗಿಜಿಗಿಜಿ ಸೇರುತ್ತದೆ. ಆಟೊಸೇವ್ ತಪ್ಪದೆ ಹಾಕಿರಬೇಕು. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಫ್ಯಾನ್ ಆರಿಸಿ ಕೂರುವುದು ಶಿಕ್ಷೆಯೇ. ಬೆಳಗಿನ ಜಾವವೇ ಒಳ್ಳೆಯ ಹೊತ್ತು, ಲ್ಯಾಪ್‌ಟಾಪಿನ ಒಳಗಿನ ಫ್ಯಾನೂ ಆಗ ಕಡಿಮೆ ಅರಚುತ್ತದೆ.

ಹಂಪಿಯ ಕಲ್ಲುಮಂಟಪದಲ್ಲಿ ಹಾಡು ಹಿಡಿಯಬೇಕೆಂಬ ಆಸೆ ಎಲ್ಲ ತಂಡಕ್ಕೂ ಒಮ್ಮೆ ಬರುತ್ತದೆ. ಹೊಳೆದಂಡೆಯ ಪುರಂದರ ಮಂಟಪ, ವಿಜಯ ವಿಠ್ಠಲ ಗುಡಿಯ 56 ಸಂಗೀತ ಕಂಬಗಳು ಮನಸ್ಸಿನಲ್ಲಿ ಮೊಳಗುತ್ತಿರುತ್ತವೆ. ಆ ಕಂಬಗಳನ್ನು ಬಡಿಯುವುದು ನಿಷಿದ್ಧ. ಸಂರಕ್ಷಿತ ಸ್ಮಾರಕದೊಳಗೆ ಸ್ಟ್ಯಾಂಡು, ಮೈಕು ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಪ್ರವಾಸಿಗರ ಗಲಾಟೆ, ಗಾಳಿ ಎರಡೂ ಮೈಕಿಗೆ ಬೀಳುತ್ತವೆ. ಗುಂಗು ಬೇಕಿದ್ದರೆ ಮುಚ್ಚಿದ ಕೋಣೆಯಲ್ಲಿ ಒಣದನಿ ಹಿಡಿದು ಆಮೇಲೆ ರಿವರ್ಬ್ ಸೇರಿಸಬಹುದು. ರೀಪರಿನ ರೀವರ್ಬ್, ಯಾವುದೋ ದೊಡ್ಡ ಹಜಾರದಲ್ಲಿ ದಾಖಲಿಸಿದ ಮರುದನಿಯ ಮಾದರಿಯನ್ನು ನಮ್ಮ ಹಾಡಿಗೆ ತೊಡಿಸಬಲ್ಲದು. ತೊಡಿಸಿದ್ದನ್ನು ತೆಗೆಯಲೂ ಬಹುದು. ಮಂಟಪದಲ್ಲಿ ಹಿಡಿದ ಗುಂಗನ್ನು ತೆಗೆಯಲಾಗದು.

ಸಂಡೂರಿನಲ್ಲಿ ಅದಿರು ಲಾರಿಯ ಗುಡುಗು, ಕಂಪ್ಲಿಯಲ್ಲಿ ಸುಗ್ಗಿಯ ಕಾಲದ ಟ್ರ್ಯಾಕ್ಟರು. ಇವುಗಳ ಕೆಳದನಿಯನ್ನು 80 ಹರ್ಟ್ಸ್ ಹೈಪಾಸ್ ಫಿಲ್ಟರ್ ಬಹುಮಟ್ಟಿಗೆ ತೆಗೆಯುತ್ತದೆ, ಎಲ್ಲ ಸಾಫ್ಟ್‌ವೇರಿನ ಈಕ್ವಲೈಜರಿನಲ್ಲೂ ಅದಿದೆ. ಹಾಡುಗಾರರ ಟ್ರ್ಯಾಕಿಗೆ ಹಾಕಿ. ಡೊಳ್ಳಿಗೆ, ಡೋಲಕ್ಕಿನ ಎಡಗೈ ಮುಖಕ್ಕೆ ಹಾಕಿದರೆ ಅದರ ಹೊಟ್ಟೆಯೇ ಬರಿದಾಗುತ್ತದೆ. ಕೂಡಿ ನುಡಿಸುವಾಗ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುವುದನ್ನು ಸಾಫ್ಟ್‌ವೇರ್ ತಡೆಯಲಾರದು. ಬಾಯಿಗೂ ಮೈಕಿಗೂ ಇರುವ ಅಂತರದ ಮೂರರಷ್ಟು ದೂರ ಮೈಕು ಮೈಕಿನ ನಡುವೆ ಇರಲಿ ಎಂಬುದು ಹಳೆಯ ಲೆಕ್ಕ, ಇವತ್ತಿಗೂ ನಡೆಯುತ್ತದೆ.

ಕ್ರ್ಯಾಕ್ ಮತ್ತು ಕಾಯ್ದೆ

ಲಕ್ಷ ರೂಪಾಯಿಯ ಪ್ಯಾಕೇಜು ಪೆನ್‌ಡ್ರೈವಿನಲ್ಲಿ ಪುಕ್ಕಟೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಾನೂನಿನ ಮಾತು ಬದಿಗಿಟ್ಟರೂ, ಹಾಗೆ ತಂದದ್ದರ ಜೊತೆ ವೈರಸ್ ಬರುತ್ತದೆ, ಅಪ್‌ಡೇಟ್ ಬರುವುದಿಲ್ಲ, ಕಾರ್ಯಕ್ರಮದ ನಡುವೆ ನಿಂತರೆ ಕೇಳುವವರಿಲ್ಲ. ಉಚಿತವಾದವುಗಳೇ ಇಷ್ಟಿರುವಾಗ ಈ ಗೊಡವೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ಹಾಡಿನ ಹಕ್ಕು ಬೇರೆಯೇ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಪುರಂದರದಾಸರ, ಕನಕದಾಸರ ಪದಗಳಿಗೆ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಶರೀಫರ ಪದವನ್ನು ಸಿ. ಅಶ್ವತ್ಥ್ ಕೂರಿಸಿದ ರಾಗದಲ್ಲೇ ಹಾಡಿದರೆ ಆ ರಾಗಸಂಯೋಜನೆಯ ಹಕ್ಕು ಜೀವಂತ. ಅಶ್ವತ್ಥ್ ನಿಧನರಾದದ್ದು 2009ರಲ್ಲಿ. ಸಿನಿಮಾ ಹಾಡಿನ ಕವರ್ ಮಾಡುವವರಿಗೆ 2012ರ ತಿದ್ದುಪಡಿ ತಂದ 31ಸಿ ಕಲಮು ದಾರಿಯೊಂದನ್ನು ತೋರಿಸುತ್ತದೆ. ಆದರೆ ಮೂಲ ಧ್ವನಿಮುದ್ರಣ ಬಂದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಹವ್ಯಾಸಿ ತಂಡಕ್ಕೆ ಅದು ಎಟುಕದ ದಾರಿ. ತಮ್ಮದೇ ರಾಗ ಕಟ್ಟಿಕೊಂಡ ದಾಸರ ಪದ, ಜನಪದ ಹಾಡುಗಳೇ ನೆಮ್ಮದಿ.

ಮುಗಿದ ಮೇಲೆ ಕಾಪಾಡುವುದು

ಅಮೆರಿಕದ ಕೇಕ್‌ವಾಕ್ ಕಂಪನಿ 1987ರಿಂದ ಸಂಗೀತ ತಂತ್ರಾಂಶದಲ್ಲಿ ಹೆಸರು ಮಾಡಿತ್ತು. 2013ರಲ್ಲಿ ಅದನ್ನು ಕೊಂಡ ಗಿಬ್ಸನ್, 2017ರ ನವೆಂಬರಿನಲ್ಲಿ ಬಾಗಿಲು ಹಾಕುವುದಾಗಿ ಘೋಷಿಸಿತು. ದುಡ್ಡು ಕೊಟ್ಟು ಅದರ ಸೋನಾರ್ ಸಾಫ್ಟ್‌ವೇರ್ ಕೊಂಡಿದ್ದವರು ಕಂಗಾಲಾದರು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಬಿಟ್ಟಿತು, ಮುಂದೆ ಅದರ ಜಾಗಕ್ಕೆ ಹೊಸ ಸೋನಾರನ್ನು ತರುವುದಾಗಿ ಸಾರಿತು. ಕಂಪನಿಗಳ ಕಥೆ ಹೀಗೆ ತಿರುಗುತ್ತಲೇ ಇರುತ್ತದೆ, ಹಾಗಾಗಿ ಹಾಡನ್ನು ಒಂದೇ ಸಾಫ್ಟ್‌ವೇರಿಗೆ ಕಟ್ಟಿಹಾಕಬಾರದು.

ಪ್ರಾಜೆಕ್ಟ್ ಫೈಲು ಆಯಾ ಸಾಫ್ಟ್‌ವೇರಿಗೆ ಮಾತ್ರ ಅರ್ಥವಾಗುವುದು. ರೀಪರಿನ ಪ್ರಾಜೆಕ್ಟ್ ಫೈಲಿನಲ್ಲಂತೂ ದನಿಯೇ ಇರುವುದಿಲ್ಲ, ದನಿಯ ಫೈಲುಗಳು ಎಲ್ಲಿವೆ ಎಂಬ ವಿಳಾಸ ಮಾತ್ರ. ಆದ್ದರಿಂದ ಸೇವ್ ಮಾಡುವಾಗ ಎಲ್ಲ ದನಿಫೈಲುಗಳನ್ನೂ ಅದೇ ಫೋಲ್ಡರಿಗೆ ನಕಲು ಮಾಡುವ ಆಯ್ಕೆಗೆ ಗುರುತು ಹಾಕಬೇಕು. ಕೆಲಸ ಮುಗಿದಾಗ ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ಬೇರೆಬೇರೆ ವೇವ್ ಫೈಲಾಗಿ ಹೊರತೆಗೆದಿಟ್ಟರೆ, ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಯಾವ ಸ್ಟುಡಿಯೊದವರಾದರೂ ತಮ್ಮ ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿಕೊಂಡು ಮುಂದುವರಿಸಬಹುದು. ವಾಟ್ಸಾಪಿನಲ್ಲಿ ಹಂಚಲು ಎಂಪಿ3 ಸಾಕು, ಇಟ್ಟುಕೊಳ್ಳಲು ಸಾಲದು. ಸ್ಪಾಟಿಫೈ ಹಾಡಿನ ಗಟ್ಟಿತನವನ್ನು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಅಳತೆಗೆ ತರುತ್ತದೆ, ಯೂಟ್ಯೂಬ್ ಕೂಡ ಅದರ ಆಸುಪಾಸಿಗೆ ಇಳಿಸುತ್ತದೆ. ಬೇರೆಯವರಿಗಿಂತ ಜೋರಾಗಿರಲೆಂದು ಹಾಡನ್ನು ಹಿಂಡಿ ಕಳಿಸಿದರೆ ಅವರು ಇಳಿಸಿಯೇ ಹಾಕುತ್ತಾರೆ, ಹಿಂಡಿದ ಕರ್ಕಶತೆ ಮಾತ್ರ ಉಳಿಯುತ್ತದೆ. ಫೈಲಿನ ಹೆಸರಿನಲ್ಲಿ ಹಾಡು, ದಿನಾಂಕ, ವಾದ್ಯ ಮೂರೂ ಇರಲಿ. ಎರಡು ಪ್ರತಿ ಮಾಡಿ ಒಂದನ್ನು ತಂಡದ ಇನ್ನೊಬ್ಬರ ಮನೆಯ ಹಾರ್ಡ್ ಡಿಸ್ಕಿನಲ್ಲಿಡಿ.